ಅಲ್ಲಾಡುವ ಟೇಬಲ್, ಹೆದರಿದ ಗುಂಡ

ಮೊದಲೇ ಹೇಳಿಬಿಡುತ್ತೇನೆ. ನಾನು ಬಡಗಿ ಅಲ್ಲ, ನಾಯಿ ಪಳಗಿಸುವವನೂ ಅಲ್ಲ. ನನ್ನ ಹತ್ತಿರ ಇರುವುದು ಒಂದು ಡ್ರಿಲ್, ಒಂದು ಗರಗಸ, ಒಂದು ಸ್ಪ್ಯಾನರ್ ಸೆಟ್, ಆಮೇಲೆ ಗುಂಡ. ಗುಂಡ ಅಂದರೆ ನಮ್ಮ ಗೋಲ್ಡನ್ ರಿಟ್ರೀವರ್ ಮರಿ. 8 ವಾರದವನಿದ್ದಾಗ ಮನೆಗೆ ಬಂದ. ಬಂದ ದಿನವೇ ನನ್ನ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಹೋಗಿ ಮಂಚದ ಕೆಳಗೆ ಮಲಗಿದ. ಇದು ಅವನಿಗೆ ಅಂತ ಒಂದು ಟೇಬಲ್ ಮಾಡಿ, ಅದನ್ನು ಕೆಡಿಸಿ, ಮತ್ತೆ ಸರಿ ಮಾಡಿದ ಲೆಕ್ಕ. ಕೂದಲು ಬಾಚೋದಕ್ಕೆ, ಉಗುರು ಕತ್ತರಿಸೋದಕ್ಕೆ, ಕಿವಿ ಒರೆಸೋದಕ್ಕೆ ಒಂದು ಟೇಬಲ್, ಅಷ್ಟೇ. ಮರದ ಕೆಲಸ ಎಲ್ಲಾ ಸೇರಿ ನಾಲ್ಕೈದು ದಿನ. ಉಳಿದ ಐದು ತಿಂಗಳು ಹಿಡಿದದ್ದು ಗುಂಡನ ಕೆಲಸ.

ನೆಲದ ಮೇಲೇ ಬಾಚಬಹುದಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ವಾರ ಹಾಗೇ ಮಾಡಿದೆ. ನೆಲ ಅಂದರೆ ಮರಿಗೆ ಆಟದ ಜಾಗ. ಬ್ರಷ್ ಕಂಡರೆ ಬ್ರಷ್ ಕಚ್ಚುತ್ತಾನೆ, ಅದನ್ನು ಬಚ್ಚಿಟ್ಟರೆ ತೋಳು ಕಚ್ಚುತ್ತಾನೆ. ಮಂಡಿಯೂರಿ ಕೂತು ಐದು ನಿಮಿಷಕ್ಕೆ ನನ್ನ ಸೊಂಟ ಹಿಡಿದುಕೊಳ್ಳುತ್ತಿತ್ತು. ಆ ಹೊತ್ತಿಗೆ ಅವನು ಎತ್ತಿ ಕೂರಿಸುವಷ್ಟು ಪುಟ್ಟವನಿದ್ದ, ಸರಿ. ದೊಡ್ಡ ಗಂಡು ಗೋಲ್ಡನ್ 30 ಕಿಲೋ ದಾಟುತ್ತದೆ, ಭುಜದ ಹತ್ತಿರ 56ರಿಂದ 61 ಸೆಂಟಿಮೀಟರ್ ಎತ್ತರ ಬರುತ್ತದೆ. ಆಗ ಬೇಡ ಅಂದರೆ ಬೇಡ, ನಾವು ಏನೂ ಮಾಡೋಕಾಗಲ್ಲ.

ಈ ತಳಿಯ ಕೂದಲೂ ಸುಮ್ನೆ ಬಿಡುವಂಥದ್ದಲ್ಲ. ಇವುಗಳ ಹುಟ್ಟು ಸ್ಕಾಟ್ಲೆಂಡಿನಲ್ಲಿ. 1868ರಲ್ಲಿ ಲಾರ್ಡ್ ಟ್ವೀಡ್‌ಮೌತ್ ಎಂಬಾತ ನೌಸ್ ಎಂಬ ಹಳದಿ ಗಂಡುನಾಯಿಗೂ ಬೆಲ್ ಎಂಬ ಟ್ವೀಡ್ ವಾಟರ್ ಸ್ಪ್ಯಾನಿಯಲ್ ಹೆಣ್ಣಿಗೂ ಜೊತೆ ಮಾಡಿಸಿದ, ಹುಟ್ಟಿದ ಹಳದಿ ಮರಿಗಳಿಂದ ಈ ತಳಿ ಬೆಳೆಯಿತು. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ತಣ್ಣೀರಿಗೆ ಇಳಿದು ಎತ್ತಿ ತರುವುದು ಇವುಗಳ ಕೆಲಸ. ಅದಕ್ಕೇ ಕೂದಲು ಎರಡು ಪದರ. ಮೇಲಿನದು ಉದ್ದ, ನೀರು ಬಿದ್ದರೆ ಜಾರಿ ಹೋಗುತ್ತದೆ. ಒಳಗಿನದು ಹತ್ತಿಯ ಹಾಗೆ ಒತ್ತಾಗಿ ಮೆತ್ತಗಿರುತ್ತದೆ. ಮೇಲಿಂದ ನೋಡಿದರೆ ಎಲ್ಲಾ ಚೆಂದ, ಒಳಗೆ ಸಿಕ್ಕು ಕಟ್ಟಿಕೊಂಡಿರುತ್ತದೆ. ಚಪ್ಪಲಿ ಹೊತ್ತುಕೊಂಡು ಹೋಗುವ ಚಾಳಿಯೂ ಅಲ್ಲಿಂದಲೇ ಬಂದದ್ದು ಅಂತ ಕಾಣುತ್ತೆ. ಹಕ್ಕಿ ಸಿಗಲಿಲ್ಲ, ಚಪ್ಪಲಿ ಸಿಕ್ಕಿತು.

ಗುಂಡನಿಗೆ 9 ವಾರ: ಮೊದಲ ಟೇಬಲ್

ಮೂಲೆಯಲ್ಲಿ ಒಂದು ಹಳೇ ಟೀಪಾಯಿ ಬಿದ್ದಿತ್ತು. ಮರದ ಕಾಲು, ಬೋಲ್ಟ್ ಹಾಕಿ ಚೌಕಟ್ಟಿಗೆ ಕೂರಿಸಿದ್ದು. ಎತ್ತರ 45 ಸೆಂಟಿಮೀಟರ್. ನಾನು ಒಂದು ಸ್ಟೂಲ್ ಮೇಲೆ ಕೂತರೆ ನಾಯಿಯ ಬೆನ್ನು ನನ್ನ ಎದೆಯ ಮಟ್ಟಕ್ಕೆ ಬರುತ್ತದೆ, ಸರಿಯಾಗುತ್ತೆ ಅನ್ನಿಸಿತು. ಮೇಲಿನ ಹಲಗೆ ಮಾತ್ರ ಚಿಕ್ಕದು. ಅದನ್ನು ತೆಗೆದು, 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ 90ಕ್ಕೆ 60 ಸೆಂಟಿಮೀಟರ್ ಅಳತೆಯ ಹಲಗೆ ಕೊಯ್ದು ಕೂರಿಸಿದೆ. ಪ್ಲೈವುಡ್ ಮೇಲೆ ಮೊದಲೇ ಬಿಳಿ ಮೈಕಾ ಅಂಟಿಸಿತ್ತು. ಒರೆಸೋದಕ್ಕೆ ಸುಲಭ ಅಂತ ಹಾಗೇ ಬಿಟ್ಟೆ. ಇಳಿಯೋದಕ್ಕೆ 90 ಸೆಂಟಿಮೀಟರ್ ಉದ್ದದ ಒಂದು ಹಲಗೆಯನ್ನು ಜಾರುಬಂಡೆ ತರ ಒರಗಿಸಿದೆ. ಬೆಳೆಯುವ ಮರಿ ಎತ್ತರದಿಂದ ಪದೇ ಪದೇ ಹಾರಬಾರದು, ಮೂಳೆ ಕೀಲು ಇನ್ನೂ ಎಳೆಯದು. ಅಷ್ಟು ಮಾತ್ರ ನನಗೆ ಗೊತ್ತಿತ್ತು.

ಒಂದೂವರೆ ದಿನದಲ್ಲಿ ಕೆಲಸ ಮುಗಿಯಿತು. ಫೋಟೋ ಬೇರೆ ತೆಗೆದೆ. ಈಗ ಆ ಫೋಟೋ ನೋಡಿದರೆ ನಾಲ್ಕು ತಪ್ಪು ಎದ್ದು ಕಾಣುತ್ತವೆ.

11 ವಾರ: ಎಲ್ಲಾ ಕೆಟ್ಟ ದಿನ

ಗುಂಡನನ್ನು ಎತ್ತಿ ಟೇಬಲ್ ಮೇಲೆ ನಿಲ್ಲಿಸಿದೆ. ಮೈಕಾ ಮೇಲೆ ಹಿಂಗಾಲು ಎರಡೂ ಬೇರೆ ಬೇರೆ ದಿಕ್ಕಿಗೆ ಜಾರಿದವು. ಸಾವರಿಸಿಕೊಳ್ಳೋಕೆ ಒದ್ದಾಡಿದ, ಅವನು ಒದ್ದಾಡಿದ ಹಾಗೆಲ್ಲಾ ಟೇಬಲ್ ಲೊಡಲೊಡ ಅಂದಿತು, ಆ ಸದ್ದಿಗೆ ಇನ್ನೂ ಹೆದರಿದ, ನಾನು ಹಿಡಿಯೋದಕ್ಕೆ ಕೈ ಚಾಚುವಷ್ಟರಲ್ಲಿ ಒರಗಿಸಿದ್ದ ಹಲಗೆ ಕಡೆಗೆ ನುಗ್ಗಿ ಅಲ್ಲಿಂದ ಜಾರಿ ನೆಲಕ್ಕೆ ಗದ್ದ ಬಡಿದುಕೊಂಡ. ಗಾಯ ಏನೂ ಆಗಲಿಲ್ಲ. ಆದರೆ ಒಂದು ಸಲ ಕುಂಯ್ ಅಂದು ಮಂಚದ ಕೆಳಗೆ ಹೋದವನು ಊಟದ ತಟ್ಟೆ ಸದ್ದು ಮಾಡಿದರೂ ಬರಲಿಲ್ಲ. ಗುಂಡ ಊಟಕ್ಕೆ ಬರಲಿಲ್ಲ ಅಂದರೆ ವಿಷಯ ಸಣ್ಣದಲ್ಲ.

ಮಾರನೇ ದಿನ ಟೇಬಲ್ ಇರುವ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ಬಾಲ ಒಳಗೆ, ಕಿವಿ ಹಿಂದಕ್ಕೆ. ನಾನು ತಿಂಡಿ ತೋರಿಸಿ ಕರೆದೆ, ಪುಸಲಾಯಿಸಿದೆ, ಕೊನೆಗೆ ಬೆಲ್ಟ್ ಹಿಡಿದು ಮೆಲ್ಲಗೆ ಎಳೆದೆ ಕೂಡ. ಅದು ಐದನೇ ತಪ್ಪು. ಮರಿಗಳು ಸುಮಾರು 3ರಿಂದ 14 ವಾರದ ಒಳಗೆ ಹೊಸದನ್ನೆಲ್ಲಾ ಸುಲಭವಾಗಿ ಒಪ್ಪಿಕೊಳ್ಳುತ್ತವೆ, ಆ ಹೊತ್ತಿನಲ್ಲಿ ಜೋರಾಗಿ ಹೆದರಿದರೆ ಅದೂ ಹಾಗೇ ಉಳಿದುಬಿಡಬಹುದು. ಇರುವ ಸಮಯವೇ ಕಮ್ಮಿ, ಅದರಲ್ಲಿ ನಾನು ಹೀಗೆ ಮಾಡಿಕೊಂಡಿದ್ದೆ.

ಹಟಮಾರಿ ಅಂತ ನಾನು ಗೊಣಗುತ್ತಿದ್ದಾಗ ಅಮ್ಮ ಒಂದು ಮಾತು ಹೇಳಿದರು. "ನೀನೇ ಒಂದ್ಸಲ ಅದರ ಮೇಲೆ ನಿಂತು ನೋಡೋ."

ಸಾಕ್ಸ್ ಹಾಕಿಕೊಂಡು ಹತ್ತಿದೆ. ಎರಡು ಸೆಕೆಂಡಿಗೆ ಗೋಡೆ ಹಿಡಿದುಕೊಂಡೆ.

12 ವಾರ: ರಿಪೇರಿ

ಟೇಬಲ್ ತಲೆಕೆಳಗೆ ಮಾಡಿ ಒಂದೊಂದೇ ಕಾಲು ಅಲ್ಲಾಡಿಸಿದೆ. ಮೂರು ಕಾಲು ಸಡಿಲ. ಬೋಲ್ಟ್ 6 ಮಿಲಿಮೀಟರಿನದು, ಆದರೆ ಮರದ ತೂತು ಸವೆದು ಉದ್ದುದ್ದ ಆಗಿತ್ತು. ಬಿಗಿ ಮಾಡಿದರೆ ಆ ಕ್ಷಣಕ್ಕೆ ನಿಲ್ಲುತ್ತಿತ್ತು, ಹತ್ತು ಸಲ ಅಲ್ಲಾಡಿಸಿದರೆ ಮತ್ತೆ ಅದೇ. ತೂತನ್ನು 8 ಮಿಲಿಮೀಟರಿಗೆ ಕೊರೆದು ದಪ್ಪ ಬೋಲ್ಟ್ ಹಾಕಿದೆ. ಮರದ ಕಡೆಗೆ ಅಗಲವಾದ ವಾಷರ್, ನಟ್ ಕಡೆಗೆ ಸ್ಪ್ರಿಂಗ್ ವಾಷರ್. ಅಗಲದ ವಾಷರ್ ಇಲ್ಲದಿದ್ದರೆ ಬಿಗಿ ಮಾಡಿದ ಹಾಗೆಲ್ಲಾ ಬೋಲ್ಟಿನ ತಲೆ ಮರದೊಳಗೆ ಹೂತುಹೋಗುತ್ತದೆ, ಸಡಿಲ ಆಗೋದೇ ಅಲ್ಲಿಂದ.

ಆಮೇಲೂ ಸ್ವಲ್ಪ ಆಡುತ್ತಿತ್ತು. ಕಾಲುಗಳ ಮಧ್ಯೆ, ನೆಲದಿಂದ 12 ಸೆಂಟಿಮೀಟರ್ ಮೇಲೆ, ಸುತ್ತಲೂ ನಾಲ್ಕು ಅಡ್ಡಪಟ್ಟಿ ಹೊಡೆದೆ. ಹೊಡೆದ ಮೇಲೆ ಟೇಬಲ್ಲೇ ಬೇರೆ ಆಯಿತು. ಒಂದೇ ಕೆಲಸಕ್ಕೆ ಸಮಯ ಇದೆ ಅಂದರೆ ಅಡ್ಡಪಟ್ಟಿ ಹೊಡೆಯಿರಿ, ಬೇರೆಲ್ಲಾ ಆಮೇಲೆ. ಕೊನೆಗೆ ಉಳಿದದ್ದು ಒಂದು ಕಾಲು ಗಿಡ್ಡ. ಪ್ರತಿ ಕಾಲಿನ ಕೆಳಗೆ ಒಂದು ರಟ್ಟಿನ ಚೂರು ತೂರಿಸಿ ನೋಡಿದೆ, ಯಾವುದರ ಕೆಳಗೆ ಸರಾಗವಾಗಿ ಹೋಯಿತೋ ಅದೇ ಗಿಡ್ಡ ಕಾಲು. ಎರಡು ರಟ್ಟಿನಷ್ಟು ದಪ್ಪದ ರಬ್ಬರ್ ತುಂಡು ಅಲ್ಲಿಗೆ, ಆಮೇಲೆ ನಾಲ್ಕಕ್ಕೂ ಕೆಳಗೆ ಒಂದೇ ತರದ ರಬ್ಬರ್ ಬುಷ್. ಸಾಕ್ಸ್ ಹಾಕಿಕೊಂಡು ಮತ್ತೆ ಹತ್ತಿದೆ, 70 ಕಿಲೋ ಮನುಷ್ಯ ಸೊಂಟ ಕುಣಿಸಿದರೂ ಸದ್ದಿಲ್ಲ. ಅಮ್ಮ ನಗುತ್ತಿದ್ದರು.

ಇನ್ನು ಜಾರುವ ಮೈಕಾ. ಅದರ ಮೇಲೆ ಗೀರು ಗೀರು ಇರುವ ಕಪ್ಪು ರಬ್ಬರ್ ಮ್ಯಾಟ್ ಅಂಟಿಸಬೇಕು. ಮೈಕಾದ ಹೊಳಪಿನ ಮೇಲೆ ಅಂಟು ನಿಲ್ಲಲ್ಲ, ಹಾಗಾಗಿ ಮೊದಲು ಒರಟು ಉಪ್ಪುಕಾಗದದಿಂದ ಉಜ್ಜಿದೆ. ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಲು ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಕೂರಿಸಬೇಕು. ನಾನು ಮೊದಲ ಸಲ ಆತುರಪಟ್ಟು ಹಸಿಯಾಗಿರುವಾಗಲೇ ಒತ್ತಿದೆ. ಮಧ್ಯದಲ್ಲಿ ಅಂಗೈ ಅಗಲದ ಗುಳ್ಳೆ ಎದ್ದಿತು. ಕಿತ್ತು ಮತ್ತೆ ಮಾಡಿದೆ. ಎರಡನೇ ಸಲ ಒಂದು ತುದಿಯಿಂದ ಹಿಡಿದು, ಲಟ್ಟಣಿಗೆಯಿಂದ ಉರುಳಿಸುತ್ತಾ ಬಂದೆ. ಲಟ್ಟಣಿಗೆ ಎಲ್ಲಿಂದ ತಂದೆ ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ.

ಒರಗು ಹಲಗೆಯದ್ದು ಲೆಕ್ಕದ ತಪ್ಪು. 45 ಎತ್ತರಕ್ಕೆ 90 ಉದ್ದ ಅಂದರೆ 30 ಡಿಗ್ರಿ ಇಳಿಜಾರು. ಮರಿಗೆ ಅದು ಗೋಡೆ ಇದ್ದ ಹಾಗೆ. 130 ಸೆಂಟಿಮೀಟರಿನ ಹಲಗೆ ಹಾಕಿದ ಮೇಲೆ ಇಳಿಜಾರು 20 ಡಿಗ್ರಿಗೆ ಬಂತು. ಇದಕ್ಕೂ ಅದೇ ಮ್ಯಾಟ್ ಅಂಟಿಸಿದೆ, ಆದರೆ ಗೀರುಗಳು ಹಲಗೆಯ ಉದ್ದಕ್ಕೆ ಬಂದುಬಿಟ್ಟವು. ಕೈಯಲ್ಲಿ ಒತ್ತಿ ಕೆಳಗೆ ಎಳೆದರೆ ಸರ್ರನೆ ಜಾರುತ್ತಿತ್ತು. ಗೀರು ಅಡ್ಡಕ್ಕೆ ಇರಬೇಕು, ಏಣಿಯ ಮೆಟ್ಟಿಲಿನ ಹಾಗೆ. ಮತ್ತೆ ಕಿತ್ತೆ, ಮತ್ತೆ ಅಂಟಿಸಿದೆ. ಹಲಗೆಯ ಮೇಲ್ತುದಿಗೆ ಎರಡು ಕೊಕ್ಕೆ ಹಾಕಿ ಟೇಬಲ್ಲಿಗೆ ಸಿಕ್ಕಿಸಿದೆ, ಸುಮ್ನೆ ಒರಗಿಸಿದರೆ ಹಿಂದಕ್ಕೆ ಸರಿಯುತ್ತದೆ.

ಗುಂಡ ತಾನೇ ತೋರಿಸಿದ ದಾರಿ

ಅಂಟಿನ ವಾಸನೆ ನನಗೇ ತಲೆ ಸುತ್ತುವ ಹಾಗಿತ್ತು, ನಾಯಿಯ ಮೂಗಿಗೆ ಕೇಳಬೇಕಾ. ಮೇಲಿನ ಹಲಗೆಯನ್ನು ಕಾಲಿನಿಂದ ಬಿಚ್ಚಿ ಐದು ದಿನ ಗಾಳಿಗೆ ಇಟ್ಟೆ. ಆರನೇ ದಿನ ಒಳಗೆ ತಂದು ನೆಲದ ಮೇಲೆ ಮಲಗಿಸಿದೆ, ಸಂಜೆ ಜೋಡಿಸಿದರಾಯಿತು ಅಂತ. ಮಧ್ಯಾಹ್ನ ಬಂದು ನೋಡಿದರೆ ಗುಂಡ ಅದರ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ನಿದ್ದೆ ಹೊಡೆಯುತ್ತಿದ್ದ!

ಅವನಿಗೆ ಭಯ ಇದ್ದದ್ದು ಅಲ್ಲಾಟಕ್ಕೆ, ಜಾರಾಟಕ್ಕೆ, ಎತ್ತರಕ್ಕೆ. ಹಲಗೆ ಅವನ ಲೆಕ್ಕದಲ್ಲಿ ಟೇಬಲ್ಲೇ ಅಲ್ಲ. ಸಂಜೆ ಜೋಡಿಸಲಿಲ್ಲ. ಹತ್ತು ದಿನ ಹಾಗೇ ನೆಲದ ಮೇಲೆ ಬಿಟ್ಟೆ. ಅವನ ಊಟದ ಕಾಳಿನಲ್ಲಿ ಒಂದು ಹಿಡಿ ದಿನಾ ಆ ಹಲಗೆಯ ಮೇಲೆ, ಒಂದೊಂದೇ ಕಾಳಾಗಿ. ಹತ್ತಿದರೆ ಒಂದು. ನಿಂತರೆ ಒಂದು. ಪಾದ ಮುಟ್ಟಿದಾಗ ಸುಮ್ನಿದ್ದರೆ ಒಂದು. ಬೆನ್ನಿಗೆ ಬ್ರಷ್ಷಿನ ಹಿಂಭಾಗ ತಾಗಿಸಿದಾಗ ಸುಮ್ನಿದ್ದರೆ ಎರಡು. ಒಂದು ಸಲಕ್ಕೆ ಎರಡು ನಿಮಿಷ, ದಿನಕ್ಕೆ ಮೂರು ಸಲ. ಅವನು ಬೇಜಾರಾಗಿ ಇಳಿಯೋ ಮೊದಲೇ ನಾನೇ ಮುಗಿಸುತ್ತಿದ್ದೆ. ಇಳಿದು ಹೋಗಬೇಕು ಅನ್ನಿಸಿದರೆ ಹೋಗಲಿ ಅಂತ ಬಿಟ್ಟೆ, ಹಿಡಿಯಲಿಲ್ಲ. ಎರಡು ಸಲ ಹೋದ. ಎರಡು ಸಲವೂ ತಾನೇ ವಾಪಸ್ ಬಂದ.

ಆಮೇಲೆ ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟು ಒಂದು ವಾರ. ಇನ್ನೊಂದು ಸಾಲು ಇಟ್ಟಿಗೆ ಇಟ್ಟು ಇನ್ನೊಂದು ವಾರ, ಜೊತೆಗೆ ಒರಗು ಹಲಗೆ. ಇಟ್ಟಿಗೆಯ ಮೇಲೂ ಹಲಗೆ ಒಂಚೂರೂ ಅಲ್ಲಾಡದ ಹಾಗೆ ಪ್ರತಿ ಸಲ ಮೊದಲು ನಾನು ನಿಂತು ನೋಡುತ್ತಿದ್ದೆ. ಕಾಲು ಜೋಡಿಸುವ ಹೊತ್ತಿಗೆ ಅವನಿಗೆ 16 ವಾರ. ಬಾಗಿಲಲ್ಲಿ ಒಂದು ಕ್ಷಣ ನಿಂತ, ಮೂಸಿದ, ಒರಗು ಹಲಗೆಯ ಮೇಲೆ ಒಂದು ಕಾಲಿಟ್ಟ. ನಾನು ಉಸಿರು ಹಿಡಿದಿದ್ದೆ. ನಿಧಾನಕ್ಕೆ ಮೇಲೆ ಬಂದು ಮಧ್ಯದಲ್ಲಿ ನಿಂತು ಕಾಳಿಗೆ ಅಂತ ನನ್ನ ಕೈ ನೋಡಿದ.

ಒಂದು ಫಜೀತಿ ಮಾತ್ರ ಆಯಿತು. ಹಲಗೆ ಏರೋದಕ್ಕೆ ನಾನು ಕಲಿಸಿದ್ದ ಮಾತು "ಹತ್ತು". ಪಾದ ಹಿಡಿದುಕೊಂಡು ಅವನು ಎಷ್ಟು ಹೊತ್ತು ಸುಮ್ನಿರುತ್ತಾನೆ ನೋಡೋಣ ಅಂತ ಒಂದು, ಎರಡು ಅಂತ ಜೋರಾಗಿ ಎಣಿಸುತ್ತಿದ್ದೆ. ಎಂಟು, ಒಂಬತ್ತು, ಹತ್ತು ಅಂದ ತಕ್ಷಣ ಪಾದ ಕಿತ್ತುಕೊಂಡು ಎದ್ದು ನನ್ನ ತೊಡೆ ಹತ್ತಿಬಿಟ್ಟ. ಮೂರು ದಿನ ಇವನಿಗೆ ಪಾದ ಮುಟ್ಟಿದರೆ ಆಗಲ್ಲ ಅಂತಲೇ ಅಂದುಕೊಂಡಿದ್ದೆ. ಈಗ ಏರೋದಕ್ಕೆ "ಮೇಲೆ", ಇಳಿಯೋದಕ್ಕೆ "ಕೆಳಗೆ". ಎಣಿಕೆ ಮನಸ್ಸಿನಲ್ಲಿ.

4 ತಿಂಗಳಿಂದ ಈಚೆಗೆ

ಹಲ್ಲು ಬೀಳೋಕೆ ಶುರುವಾಯಿತು. ಹಾಲುಹಲ್ಲು 28, ಅವೆಲ್ಲಾ ಉದುರಿ 42 ಬರಬೇಕು. ವಸಡು ಕಡಿಯುವ ಆ ಎರಡು ತಿಂಗಳು ಮನೆಯಲ್ಲಿ ಮರದ್ದು ಅಂತ ಇರುವುದೆಲ್ಲಾ ಅವನದ್ದೇ. ಟೇಬಲ್ಲಿನ ಪ್ಲೈವುಡ್ ಅಂಚನ್ನು ಒಂದು ಮೂಲೆಯಲ್ಲಿ ಬೆರಳುದ್ದ ಕಡಿದು ಸಿಬಿರು ಎಬ್ಬಿಸಿದ. ಸಿಬಿರು ವಸಡಿಗೆ ಚುಚ್ಚಿದರೆ ಕಷ್ಟ. ಕಡಿದ ಭಾಗ ಉಜ್ಜಿ ನಯ ಮಾಡಿ, ಸುತ್ತಲೂ ಅಲ್ಯೂಮಿನಿಯಂ ಪಟ್ಟಿ ಹೊಡೆದೆ, ಸ್ಕ್ರೂ ತಲೆ ಒಳಗೆ ಕೂರುವ ಹಾಗೆ. ಕಡಿಯೋದಕ್ಕೆ ಅವನದ್ದೇ ರಬ್ಬರ್ ಆಟಿಕೆಯನ್ನು ಫ್ರಿಜ್‌ನಲ್ಲಿ ತಣ್ಣಗೆ ಮಾಡಿ ಕೊಟ್ಟೆ. ಒಂದು ದಿನ ಮ್ಯಾಟ್ ಗುಡಿಸುವಾಗ ಗೀರಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಹಲ್ಲು ಸಿಕ್ಕಿತು. ಡಬ್ಬಿಯಲ್ಲಿ ಇಟ್ಟಿದ್ದೇನೆ, ಯಾಕೆ ಅಂತ ಕೇಳಬೇಡಿ.

ಬಾಚುವುದು. ಬಾಗಿದ ತಂತಿಯ ಬ್ರಷ್ ಒಂದು, ಸ್ಟೀಲ್ ಬಾಚಣಿಗೆ ಒಂದು, ಎರಡೇ ಸಾಕು. ತಂತಿ ಬ್ರಷ್ಷನ್ನು ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಉಜ್ಜಿಕೊಳ್ಳಿ, ಗೀರು ಮೂಡಿದರೆ ಅಷ್ಟು ಜೋರು ಬೇಡ. ಮೇಲೆ ಮೇಲೆ ಸವರಿದರೆ ಬಾಚಿದ ಹಾಗಲ್ಲ. ಎಡಗೈಯಲ್ಲಿ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದು, ಚರ್ಮದ ಗೆರೆ ಕಾಣುವ ಹಾಗೆ ಬೈತಲೆ ತೆಗೆದು, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತಾ ಬಾಚಬೇಕು. ಕೊನೆಗೆ ಬಾಚಣಿಗೆ ಬುಡದಿಂದ ತುದಿಗೆ ತಡೆಯಿಲ್ಲದೆ ಹೋದರೆ ಆ ಜಾಗ ಮುಗಿಯಿತು. ಸಿಕ್ಕು ಕಟ್ಟುವುದು ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಹಿಂದೆ, ಬಾಲದ ಕುಚ್ಚಿನಲ್ಲಿ. ಕಿವಿ ಹಿಂದಿನ ಕೂದಲು ರೇಷ್ಮೆ ತರ, ಎರಡು ದಿನ ಬಿಟ್ಟರೆ ಉಂಡೆ. ಬಿಡಿಸುವಾಗ ಬುಡವನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು ತುದಿಯಿಂದ ಬಿಡಿಸುತ್ತಾ ಬನ್ನಿ, ಚರ್ಮ ಎಳೆಯಲ್ಲ, ಅವನಿಗೆ ಗೊತ್ತೇ ಆಗಲ್ಲ.

ಬಿಸಿಲು ಜಾಸ್ತಿ ಅಂತ ಮೈ ಬೋಳಿಸಿಬಿಡಿ ಅನ್ನುವವರು ಸಿಗುತ್ತಾರೆ. ಬೇಡ. ಮೇಲಿನ ಕೂದಲು ಬಿಸಿಲಿನಿಂದ ಚರ್ಮ ಕಾಯುತ್ತದೆ, ಬೋಳಿಸಿದರೆ ಮತ್ತೆ ಅದೇ ತರ ಬರುತ್ತದೆ ಅನ್ನುವ ಖಾತರಿಯೂ ಇಲ್ಲ. ಉದುರಿದ ಒಳಗೂದಲನ್ನು ಬಾಚಿ ತೆಗೆದರೆ ಗಾಳಿ ಆಡುತ್ತದೆ, ಅಷ್ಟು ಸಾಕು.

ಉಗುರಿನಲ್ಲಿ ನಾನು ಒಂದು ಸಲ ಎಡವಿದೆ. ನಾಯಿಗೆ ಸಾಮಾನ್ಯವಾಗಿ 18 ಉಗುರು: ಪಾದಕ್ಕೆ ನಾಲ್ಕು, ಆಮೇಲೆ ಮುಂಗಾಲಿನ ಒಳಬದಿಗೆ ಮೇಲೆ ಒಂದೊಂದು. ಆ ಮೇಲಿನದು ನೆಲಕ್ಕೆ ತಾಗಲ್ಲ, ಸವೆಯಲ್ಲ, ಉದ್ದ ಕೂದಲಲ್ಲಿ ಕಾಣೋದೂ ಇಲ್ಲ. ನಾನು ಮರೆತಿದ್ದೆ. ನೋಡಿದಾಗ ಕೊಕ್ಕೆಯ ಹಾಗೆ ಬಾಗಿತ್ತು. ಗಾಬರಿಯಲ್ಲಿ ಒಂದೇ ಸಲಕ್ಕೆ ಚಿಕ್ಕದು ಮಾಡೋಕೆ ಹೋಗಿ ಒಳಗಿನ ಜೀವದುಗುರಿಗೆ ಕತ್ತರಿ ತಾಗಿಸಿದೆ. ಅದರಲ್ಲಿ ರಕ್ತನಾಳವೂ ನರವೂ ಇರುತ್ತವೆ, ರಕ್ತವೂ ಬರುತ್ತದೆ, ನೋವೂ ಆಗುತ್ತದೆ. ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಒತ್ತಿ ಹಿಡಿದೆ, ಕೆಲವು ನಿಮಿಷದಲ್ಲಿ ನಿಂತಿತು. ಟೇಬಲ್ ಮೇಲೆ ರಕ್ತ ಬಿತ್ತು, ಎರಡು ವಾರದ ಕೆಲಸ ನೀರಿಗೆ ಬಿತ್ತು. ಮತ್ತೆ ಶುರುವಿಂದ: ಕತ್ತರಿ ತೋರಿಸಿದರೆ ಕಾಳು, ಉಗುರಿಗೆ ತಾಗಿಸಿದರೆ ಕಾಳು, ಕಟ್ ಅಂತ ಸದ್ದು ಮಾಡಿದರೆ ಕಾಳು. ಆಮೇಲೆ ದಿನಕ್ಕೆ ಒಂದೇ ಉಗುರು, ತುದಿಯಿಂದ ಒಂದು ಎಳೆ ಮಾತ್ರ. ಕತ್ತರಿಸಿದ ಜಾಗದ ಮಧ್ಯದಲ್ಲಿ ಬಣ್ಣ ಬದಲಾದ ಚುಕ್ಕೆ ಕಂಡರೆ ಅಲ್ಲಿಗೆ ನಿಲ್ಲಿಸಬೇಕು. 18 ದಿನಕ್ಕೆ ಒಂದು ಸುತ್ತು. ನಿಧಾನ, ಆದರೆ ಜಗಳ ಇಲ್ಲ.

ಸ್ನಾನದ ಬಗ್ಗೆ ಎರಡೇ ಮಾತು. ಮೊದಲು ಬಾಚಿ, ಆಮೇಲೆ ನೀರು. ಸಿಕ್ಕಿಗೆ ನೀರು ಬಿದ್ದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಇನ್ನೊಂದು, ಒಳಗೂದಲು ಬುಡದ ತನಕ ಒಣಗಬೇಕು. ಒಂದು ಸಲ ಮೇಲೆ ಒಣಗಿದೆ ಅಂತ ಬಿಟ್ಟೆ, ಎರಡು ದಿನಕ್ಕೆ ಕಿವಿಯ ಕೆಳಗೆ ರೂಪಾಯಿ ಅಗಲ ಕೆಂಪಗೆ ಜಿನುಗುವ ಗಾಯ. ಇದಕ್ಕೆ ಹಾಟ್ ಸ್ಪಾಟ್ ಅನ್ನುತ್ತಾರೆ, ಈ ತಳಿಗೆ ಸಾಮಾನ್ಯ. ಅವನು ಕೆರೆದ ಹಾಗೆಲ್ಲಾ ಹರಡುತ್ತಿತ್ತು, ಡಾಕ್ಟರ ಹತ್ತಿರ ಓಡಿದೆ. ಅವತ್ತಿನಿಂದ ಟವೆಲ್ ಆದ ಮೇಲೆ ಡ್ರೈಯರ್, ಬಿಸಿ ಬೇಡ, ತಣ್ಣನೆ ಗಾಳಿ. ಡ್ರೈಯರ್ ಸದ್ದಿಗೂ ಇದೇ ಪಾಠ ಮಾಡಿದೆ: ಮೊದಲು ಪಕ್ಕದ ಕೋಣೆಯಲ್ಲಿ ಅವನು ಊಟ ಮಾಡುವಾಗ, ಆಮೇಲೆ ದಿನಕ್ಕೆ ಒಂದು ಹೆಜ್ಜೆ ಹತ್ತಿರ.

ಕೆಲವರು ಟೇಬಲ್ಲಿಗೆ ಕಂಬ ನಿಲ್ಲಿಸಿ ಕುತ್ತಿಗೆಗೆ ಕುಣಿಕೆ ಹಾಕುತ್ತಾರೆ. ನಾನು ಹಾಕಲಿಲ್ಲ. ನಾವು ಒಂದು ನಿಮಿಷ ಆಚೆ ಹೋದಾಗ ನಾಯಿ ಹಾರಿದರೆ ನೇಣೇ. ಹೋಗಬೇಕಾದರೆ ಅವನನ್ನೂ ಇಳಿಸಿಕೊಂಡು ಹೋಗುತ್ತೇನೆ.

ಈಗ, 7 ತಿಂಗಳು

ಗುಂಡ 25 ಕಿಲೋ. ಬೆನ್ನಿನ ಮೇಲೆ ದೊಡ್ಡ ನಾಯಿಯ ಕೂದಲು ಒಂದು ಗಾಢ ಪಟ್ಟಿಯಾಗಿ ಬಂದಿದೆ, ಪಕ್ಕದಲ್ಲಿ ಇನ್ನೂ ಮರಿಯ ನವಿರು. ಕೆಳಗೆ ಬಿದ್ದ ಬ್ರಷ್ಷನ್ನು ಕಚ್ಚಿ ಓಡುತ್ತಿದ್ದವನಿಗೆ ಅದನ್ನು ಕೈಗೆ ಕೊಟ್ಟರೆ ಕಾಳು ಅಂತ ಕಲಿಸಿದೆ. ಈಗ ನಾನು ಕೇಳದಿದ್ದರೂ ದಿನಕ್ಕೆ ಐದು ಸಲ ತಂದುಕೊಡುತ್ತಾನೆ. ಇದಕ್ಕೆ ಮದ್ದು ಇನ್ನೂ ಹುಡುಕುತ್ತಿದ್ದೇನೆ.

ಬೋಲ್ಟುಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡುತ್ತೇನೆ. ಹೋದ ಸಲ ಒಂದು ಅರ್ಧ ಸುತ್ತು ತಿರುಗಿತು, ಮಿಕ್ಕವು ಕದಲಲಿಲ್ಲ. ಮ್ಯಾಟಿನ ಬಲಗಡೆ ಮೂಲೆ ಸ್ವಲ್ಪ ಎದ್ದಿದೆ, ಗುಂಡ ಅದನ್ನು ಈಗಾಗಲೇ ನೋಡಿದ್ದಾನೆ. ಭಾನುವಾರ ಅಂಟಿಸಬೇಕು. ಸ್ಪ್ಯಾನರ್ ಡಬ್ಬಿ ತೆರೆದ ಸದ್ದು ಕೇಳಿದರೆ ಸಾಕು, ಅವನು ಓಡಿ ಬಂದು ಟೇಬಲ್ ಹತ್ತಿ ಮಧ್ಯದಲ್ಲಿ ಕೂರುತ್ತಾನೆ, ನಾನು ಕೆಳಗೆ ತೂರಿ ಅವನ ಭಾರದ ಅಡಿಯಲ್ಲೇ ನಟ್ ತಿರುಗಿಸುತ್ತೇನೆ.